ಐದು ಕಿಲೋಮೀಟರ್ ಒಳಗಿನ ಕೆರಿಬಿಯನ್

ಬೇರೆಯವರ ಮನೆಯಲ್ಲಿ ಪ್ರವಾಸಕ್ಕೆ ಹೋದ ಮೇಲೆ ಫಜೀತಿಗಳಾಗುತ್ತವೆ. ನಮ್ಮ ಮನೆಯಲ್ಲಿ ಹೊರಡುವ ಮೊದಲೇ ಶುರು. ಅದರಲ್ಲೂ ಕೊರೋನಾ ಕಾಲದಲ್ಲಿ, ಗೇಟು ದಾಟುವುದಕ್ಕೂ ಸರ್ಕಾರದ ಅಪ್ಪಣೆ ಬೇಕಿದ್ದಾಗ, ಡಬ್ಲಿನ್ ಪಕ್ಕದ ಲೂಕನ್‌ನಲ್ಲಿ ಕೂತು ನಾವು ಮೂವರು ಕೆರಿಬಿಯನ್ ಸಮುದ್ರದ ಯಾವ ದ್ವೀಪಕ್ಕೆ ಹೋಗಬೇಕು ಅಂತ ಜಗಳವಾಡಿದೆವು. ಹಾಯಿದೋಣಿಯಲ್ಲಿ ತಿರುಗಾಟ, ನೀರಿನ ಕೆಳಗೆ ಡೈವಿಂಗ್, ಸಂಸಾರ ಸಮೇತ. ಆ ಜಗಳ ವರ್ಷ ದಾಟಿತು. ಆಗ ನಡೆದ ಕೆಲವು ಪ್ರಸಂಗಗಳನ್ನು ಹೇಳುತ್ತೇನೆ. ಈಗ ನಗು ಬರುತ್ತದೆ. ಆಗ ನನ್ನ ಜೀವ ಬಾಯಿಗೆ ಬಂದಿತ್ತು.

ಜಾಯಿಕಾಯಿ

ನನ್ನ ಹೆಂಡತಿ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಕೊರೋನಾ ಬಂದ ಮೇಲೆ ಅವಳನ್ನು ಪೂರ್ತಿ ಐಸಿಯುಗೆ ಹಾಕಿದರು. ಸಂಜೆ ಮನೆಗೆ ಬಂದರೆ ಹಿತ್ತಲಿನ ಶೆಡ್ಡಿನಲ್ಲಿ ಬಟ್ಟೆ ಬದಲಿಸಿ, ನೇರ ಸ್ನಾನಕ್ಕೆ ಹೋಗಿ, ಆಮೇಲೆ ಊಟದ ಮೇಜಿನ ಆ ತುದಿಯಲ್ಲಿ ಕೂರುತ್ತಿದ್ದಳು. ಈ ತುದಿಯಲ್ಲಿ ನಾನು ಮತ್ತು ಮಗಳು. ತಟ್ಟೆಯಲ್ಲಿ ಬೆರಳಾಡಿಸುವುದು, ಎದ್ದು ಹೋಗುವುದು, ಇಷ್ಟೇ ಅವಳ ಊಟ.

ಒಂದು ಸಂಜೆ ತಟ್ಟೆ ಮುಂದೆ ಕೂತವಳು, "ರೀ, ಇದೆಲ್ಲ ಮುಗಿದ ಮೇಲೆ ಕೆರಿಬಿಯನ್‌ಗೆ ಹೋಗೋಣ್ರೀ," ಅಂದಳು. "ನಮ್ಮ ವಾರ್ಡಿನ ನರ್ಸ್ ಒಬ್ಬಳು ಹೋಗಿ ಬಂದಿದ್ದಾಳೆ. ನೀರಿನ ಕೆಳಗೆ ಹೋದ್ರೆ ಫೋನಿಲ್ಲ, ಮಾನಿಟರ್ ಸದ್ದಿಲ್ಲ. ನಮ್ಮ ಉಸಿರು ಮಾತ್ರ ಕೇಳ್ಸುತ್ತಂತೆ."

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ. ನಲ್ಲಿಯಲ್ಲಿ ನೀರು ಬಂದರೆ ನಮಗೆ ಹಬ್ಬ. ಬಕೆಟ್ಟಿಗಿಂತ ಆಳದ ನೀರಿಗೆ ಕೈ ಹಾಕಿದವನಲ್ಲ, ಈಜಂತೂ ಬಾರದು. ಸಾಲದ್ದಕ್ಕೆ ನನ್ನ ಉದ್ಯೋಗ ಸಾಫ್ಟ್‌ವೇರ್ ಟೆಸ್ಟಿಂಗ್. ಇನ್ನೊಬ್ಬರು ಮಾಡಿದ್ದರಲ್ಲಿ ಎಲ್ಲೆಲ್ಲಿ ಎಡವಟ್ಟಾಗಬಹುದು ಅಂತ ಹುಡುಕುವುದಕ್ಕೇ ನನಗೆ ಸಂಬಳ. ಅಂಥ ಎಡವಟ್ಟಿಗೆ ನಮ್ಮ ಕಸುಬಿನಲ್ಲಿ ಬಗ್ ಅನ್ನುತ್ತಾರೆ. ಹೆಂಡತಿ ಹುಡುಕಿದ ದ್ವೀಪ ಬೊನೇರ್, ದಡದಿಂದಲೇ ನಡೆದು ಡೈವಿಂಗಿಗೆ ಇಳಿಯಬಹುದು ಅಂತ. ಅಲ್ಲಿ ದೋಣಿಗೆ ಬೇಕಾದಲ್ಲಿ ಲಂಗರು ಹಾಕುವ ಹಾಗಿಲ್ಲ ಅಂತ ನಾನು ಬಗ್ ಹಿಡಿದೆ. ಇಲ್ಲೇ ಹುಟ್ಟಿದ ಮಗಳು, ಹೈಸ್ಕೂಲು ಸೇರಿ ಐರಿಷ್ ಧಾಟಿ ಪೂರ್ತಿ ಕಲಿತವಳು, ವರ್ಜಿನ್ ಐಲೆಂಡ್ಸ್ ಅಂದಳು, ಒಂದು ದ್ವೀಪದಿಂದ ಇನ್ನೊಂದಕ್ಕೆ ಹಾಯಿಯಲ್ಲೇ ಹೋಗಬಹುದು ಅಂತ. ಅಲ್ಲಿ ಚಂಡಮಾರುತ ಬರುತ್ತದೆ ಅಂತ ಇನ್ನೊಂದು ಬಗ್ ಹಿಡಿದೆ.

ಹೀಗೆ ವಾದ ಮಾಡುತ್ತಾ ಮಾಡುತ್ತಾ ಹೆಂಡತಿ ತಟ್ಟೆ ಖಾಲಿ ಮಾಡಿಬಿಟ್ಟಿದ್ದಳು. ಅವಳಿಗೆ ಗೊತ್ತೇ ಆಗಲಿಲ್ಲ, ನನಗೆ ಗೊತ್ತಾಯಿತು. ಅವತ್ತಿನಿಂದ ದಿನಾ ಸಂಜೆ ಹೊಸದೊಂದು ಬಗ್ ಹುಡುಕಿಟ್ಟುಕೊಳ್ಳುವುದು ನನ್ನ ಕೆಲಸವಾಯಿತು. ದ್ವೀಪ ನಿರ್ಧಾರವಾಗಿಬಿಟ್ಟರೆ ಇವಳು ಊಟ ಬಿಡುತ್ತಾಳೆ ಅಂತ ನನಗೆ ಭಯ.

"ಹಾಗಾದ್ರೆ ನಿಮಗೆ ಯಾವುದು ಬೇಕು, ಅದಾದ್ರೂ ಹೇಳಿ," ಅಂದಳು.

"ಗ್ರೆನಡಾ," ಅಂದೆ. "ಅಲ್ಲಿ ಜಾಯಿಕಾಯಿ ಬೆಳೀತಾರಂತೆ. ನೀವಿಬ್ಬರೂ ನೀರಿಗೆ ಇಳೀರಿ, ನಾನು ತೋಟ ನೋಡ್ಕೊಂಡು ಬರ್ತೀನಿ."

"ಕೇಸರೀಬಾತಿಗೆ ಹಾಕೋಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಇಂಡಿಯನ್ ಸ್ಟೋರ್ಸಲ್ಲಿ ಸಿಗುತ್ತೆ!"

ಮಾವನವರ ಸಲಹೆ

ನನ್ನ ಮಾವನವರು ಮೈಸೂರಿನಲ್ಲಿದ್ದಾರೆ. ಅವರು ಕೆರಿಬಿಯನ್ ನೋಡಿಲ್ಲ. ಆದರೆ ಪ್ರಾಯದಲ್ಲಿ ಟ್ರಾನ್ಸಿಸ್ಟರ್ ಕಿವಿಗೆ ಒತ್ತಿಕೊಂಡು ಅಲ್ಲಿನ ಎಲ್ಲಾ ಟೆಸ್ಟ್ ಮ್ಯಾಚುಗಳನ್ನೂ ಕೇಳಿದ್ದಾರೆ. ನಮ್ಮ ಕಡೆಯ ಆ ವಯಸ್ಸಿನ ಗಂಡಸರಿಗೆಲ್ಲ ವೆಸ್ಟ್ ಇಂಡೀಸಿನ ದ್ವೀಪಗಳ ಹೆಸರು ತಮ್ಮ ಬೀದಿಯ ಮನೆಗಳಷ್ಟೇ ಗೊತ್ತು. ವಿಡಿಯೋ ಕಾಲಿನಲ್ಲಿ ವಿಷಯ ಹೇಳಿದ ಕೂಡಲೇ ಕನ್ನಡಕ ಸರಿಮಾಡಿಕೊಂಡರು.

"ಅಳಿಯಂದ್ರೇ, ಬಾರ್ಬಡೋಸ್ ಮಾತ್ರ ಬೇಡ. ಅಲ್ಲಿ ಬಾಲ್ ಎದೆಮಟ್ಟಕ್ಕೆ ಏಳುತ್ತೆ."

"ಮಾವ, ನಾವು ಆಡೋಕಲ್ಲ ಹೋಗ್ತಿರೋದು."

"ಗೊತ್ತು, ಗೊತ್ತು. ಜಮೈಕಾ ಹೆಸರಂತೂ ಎತ್ತಲೇಬೇಡಿ. ಅಲ್ಲಿ ನಮ್ಮ ಹುಡುಗರು ತಿಂದ ಏಟು ನೆನಸ್ಕೊಂಡ್ರೆ ನನಗೆ ಇವತ್ತಿಗೂ ನಿದ್ದೆ ಬರಲ್ಲ. ಸುರಕ್ಷಿತ ಅಂದ್ರೆ ಟ್ರಿನಿಡಾಡ್. ಅಲ್ಲಿ ಸ್ಪಿನ್ ಆಗುತ್ತೆ. ನಮ್ಮವರಿಗೆ ಹೇಳಿ ಮಾಡಿಸಿದ ಜಾಗ."

ಆಮೇಲೆ ದನಿ ತಗ್ಗಿಸಿ, "ಅವಳು ಹೇಗಿದ್ದಾಳೆ? ಊಟ ಮಾಡ್ತಾಳಾ?" ಅಂದರು. ಮಾಡುತ್ತಾಳೆ ಅಂದೆ. ಇಬ್ಬರಿಗೂ ಒಂದೇ ಭಯ, ಬಾಯಿಬಿಟ್ಟು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಕೊನೆಗೆ ನಾನೇ, "ಮಾವ, ನಾವು ನೀರಿಗಿಳಿಯೋಕೆ ಹೋಗ್ತಿರೋದು. ಪಿಚ್ ಹೇಗಿದ್ರೆ ನಮಗೇನು?" ಅಂದೆ.

"ಇಳೀರಿ, ಬೇಡ ಅಂದ್ನಾ? ಆದ್ರೆ ಹೆಲ್ಮೆಟ್ ಹಾಕ್ಕೊಂಡು ಇಳೀರಿ."

ಗ್ರ್ಯಾಂಡ್

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಐರಿಷ್ ಹಿರಿಯರಿದ್ದಾರೆ, ರಿಟೈರಾದ ಮೇಷ್ಟ್ರು. ಗಾಲ್ವೇ ಕಡೆ ಅವರದೊಂದು ಪುಟ್ಟ ಹಾಯಿದೋಣಿ ಉಂಟು. ಲಾಕ್‌ಡೌನಿನಲ್ಲಿ ಅದರ ಹತ್ತಿರ ಹೋಗಲಾಗದೆ ಬೇಲಿ ಕತ್ತರಿಸುತ್ತಾ ಕಾಲ ಕಳೆಯುತ್ತಿದ್ದರು. ಸಮುದ್ರ ಬಲ್ಲವರು ಸಿಕ್ಕರಲ್ಲ ಅಂತ ನಾನು ಬೇಲಿಯ ಈಚೆ ನಿಂತು ನನ್ನ ಅನುಮಾನಗಳನ್ನು ಒಂದೊಂದಾಗಿ ಮುಂದಿಟ್ಟೆ.

ಈ ದೇಶದವರಿಗೆ ಗ್ರ್ಯಾಂಡ್ ಅಂತ ಒಂದು ಮಾತಿದೆ. ಚೆನ್ನಾಗಿದೆ, ಪರವಾಗಿಲ್ಲ, ಬೇಡ, ಸಾಕು, ತಲೆ ಕೆಡಿಸಿಕೊಳ್ಳಬೇಡ, ಎಲ್ಲದಕ್ಕೂ ಅದೇ. ಚಿಂತೆ ಮಾಡುವುದನ್ನೇ ಕಸುಬು ಮಾಡಿಕೊಂಡ ನನ್ನಂಥವನಿಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ.

ಅಲ್ಲಿ ಶಾರ್ಕ್ ಇರುತ್ತವಲ್ಲ ಅಂದೆ. ಇರುತ್ತವೆ, ಪಾಪದವು, ಗ್ರ್ಯಾಂಡ್ ಅಂದರು. ದೋಣಿಯಲ್ಲಿ ಹೊಟ್ಟೆ ತೊಳಸುತ್ತದಲ್ಲ ಅಂದೆ. ಒಂದು ಸಲ ವಾಂತಿಯಾದರೆ ಆಮೇಲೆ ಗ್ರ್ಯಾಂಡ್. ನನಗೆ ಈಜು ಬರುವುದಿಲ್ಲ ಅಂದೆ. ಕತ್ತರಿ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಳೆಯ ಕಾಲದ ಮೀನುಗಾರರಲ್ಲಿ ಎಷ್ಟೋ ಮಂದಿಗೆ ಬರುತ್ತಿರಲಿಲ್ಲ, ಗ್ರ್ಯಾಂಡ್ ಆಗಿಯೇ ಇದ್ದರು ಅಂದರು. ಅವರಲ್ಲಿ ಎಷ್ಟು ಮಂದಿ ವಾಪಸು ಬಂದರು ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಕೊನೆಯ ಅಸ್ತ್ರ ಬಿಟ್ಟೆ: "ಅಕಸ್ಮಾತ್ ದೋಣಿ ಮುಳುಗಿಬಿಟ್ಟರೆ?"

ಮೇಷ್ಟ್ರು ಯೋಚಿಸಿದರು. "ನೀವು ಹೋಗುತ್ತಿರುವುದು ಡೈವಿಂಗಿಗೇ ಅಲ್ಲವೇ?" ಅಂದರು. "ಹಾಗಾದರೆ ಗ್ರ್ಯಾಂಡ್."

ಗೆರೆಯ ಮೇಲಿನ ಮನೆ

ಮನೆಯಿಂದ ಐದು ಕಿಲೋಮೀಟರ್ ದಾಟಬಾರದು ಅಂತ ಕಾನೂನಾಗಿದ್ದ ಸಮಯ. ಕ್ಲಾಂಡಾಲ್ಕಿನ್‌ನಲ್ಲಿರುವ ನಮ್ಮ ಕನ್ನಡ ಸ್ನೇಹಿತನೊಬ್ಬ, ತನ್ನ ಹತ್ತಿರ ನೀರಿನ ಕೆಳಗೆ ನೋಡುವ ಕನ್ನಡಕವೂ ಉಸಿರಾಡುವ ಕೊಳವೆಯೂ ಇವೆ, ಬಂದು ತೆಗೆದುಕೊಂಡು ಹೋಗು ಅಂದ. ನಾನು ಫೋನಿನ ನಕ್ಷೆಯಲ್ಲಿ ಅಳೆದು ನೋಡಿದೆ. ಗೆರೆ ಸರಿಯಾಗಿ ಅವನ ಮನೆಯ ಮೇಲೇ ಹಾದುಹೋಗಿತ್ತು. ಗೇಟು ಒಳಗೆ, ಅಡುಗೆಮನೆ ಹೊರಗೆ. ಮಗಳನ್ನು ಹಿಂದೆ ಕೂರಿಸಿಕೊಂಡು ಹೊರಟೆ.

"ಕಾಫಿ ಕುಡಿದು ಹೋಗೋ," ಅಂತ ಅವನು ಕರೆದ.

"ಗೇಟಿಗೇ ತಂದುಕೊಡು. ಒಳಗೆ ಬಂದ್ರೆ ಕಾನೂನುಬಾಹಿರ," ಅಂದೆ.

ಬರುವಾಗ ದಾರಿಯಲ್ಲಿ ಪೊಲೀಸರು ಗಾಡಿಗಳನ್ನು ನಿಲ್ಲಿಸುತ್ತಿದ್ದರು. ಕೆಲಸದ ಪರ್ಮಿಟ್ಟು ಹೋಯಿತು, ಮೂವರನ್ನೂ ವಿಮಾನ ಹತ್ತಿಸುತ್ತಾರೆ ಅಂತ ಮನಸ್ಸಿನಲ್ಲೇ ಲೂಕನ್ ಮನೆ ಖಾಲಿ ಮಾಡಿ ಮುಗಿಸಿದೆ. ಪೊಲೀಸ್ ಯುವಕ ಕಿಟಕಿ ಹತ್ತಿರ ಬಗ್ಗಿ ಎಲ್ಲಿಗೆ ಪ್ರಯಾಣ ಅಂತ ಕೇಳಿದ. ಹಿಂದಿನ ಸೀಟಿನಲ್ಲಿ ಮಗಳು ಕನ್ನಡಕ, ಕೊಳವೆ ಎರಡನ್ನೂ ಮುಖಕ್ಕೆ ಏರಿಸಿಕೊಂಡು ಕೂತಿದ್ದಳು. ಕೊಳವೆ ತೆಗೆದು, "ದಿ ಕೆರಿಬಿಯನ್," ಅಂದಳು.

ಪೊಲೀಸಿನವನು ಅವಳನ್ನು ನೋಡಿದ, ನನ್ನನ್ನು ನೋಡಿದ. ಅದು ನಿಮ್ಮ ಐದು ಕಿಲೋಮೀಟರ್ ಒಳಗೆ ಬರುತ್ತದೆಯೇ ಅಂತ ಗಂಭೀರವಾಗಿ ಕೇಳಿದ.

ಹೆದರಿದವನ ಬಾಯಿಂದ ನಿಜ ಬಿಟ್ಟು ಬೇರೇನೂ ಬರುವುದಿಲ್ಲ. "ಹೇಳೋಕಾಗಲ್ಲ ಸರ್, ಯಾವ ದ್ವೀಪ ಅಂತ ಇನ್ನೂ ನಿರ್ಧಾರ ಆಗಿಲ್ಲ," ಅಂದುಬಿಟ್ಟೆ. ನನ್ನ ಹೆಂಡತಿ ಐಸಿಯು ಡಾಕ್ಟರು, ಆಕೆಗೆ ಬೊನೇರ್ ಬೇಕು, ಇವಳಿಗೆ ವರ್ಜಿನ್ ಐಲೆಂಡ್ಸ್ ಬೇಕು, ನನಗೆ ನೀರೇ ಬೇಡ ಅಂತ ಇಡೀ ಪುರಾಣ ಒಪ್ಪಿಸಿದೆ. ಹಿಂದೆ ಗಾಡಿಗಳ ಸಾಲು ಬೆಳೆಯಿತು.

ಅವನು ಎಲ್ಲಾ ಕೇಳಿಸಿಕೊಂಡು, ನೆಟ್ಟಗೆ ನಿಂತು, "ಆಂಟಿಗಾ ನೋಡಿ. ನಾವು ಹನಿಮೂನಿಗೆ ಅಲ್ಲಿಗೇ ಹೋಗಿದ್ದೆವು," ಅಂದ. "ಆದರೆ ಇವತ್ತಿಗೆ ನೇರ ಮನೆಗೆ ಹೋಗಿ."

ಬೋರಲು

ಕನ್ನಡಕ, ಕೊಳವೆ ಬಂದ ಮೇಲೆ ಅಭ್ಯಾಸ ಮಾಡಬೇಡವೇ? ಈಜುಕೊಳಗಳೆಲ್ಲ ಮುಚ್ಚಿದ್ದವು. ಒಂದು ಸಂಜೆ ಆಫೀಸಿನ ಕೆಲಸ ಮುಗಿಸಿ, ಸ್ನಾನದ ತೊಟ್ಟಿ ತುಂಬಿಸಿ, ಹಳೆಯ ಚಡ್ಡಿ ಹಾಕಿಕೊಂಡು ಅದರಲ್ಲಿ ಬೋರಲು ಮಲಗಿದೆ. ಮುಖ ನೀರೊಳಗೆ, ಕೊಳವೆಯ ತುದಿ ಮಾತ್ರ ಮೇಲೆ. ಹೆದರಿಕೆಯಾಗುತ್ತಿತ್ತು, ಆದರೂ ಉಸಿರಾಟ ನಡೆದಿತ್ತು. ನನ್ನ ಬಗ್ಗೆ ನನಗೇ ಹೆಮ್ಮೆಯಾಗತೊಡಗಿತ್ತು. ಕಿವಿ ನೀರೊಳಗಿದ್ದದ್ದರಿಂದ ಹೆಂಡತಿ ಬಾಗಿಲು ತೆರೆದದ್ದು ಕೇಳಿಸಲಿಲ್ಲ.

ಇಡೀ ದಿನ ರೋಗಿಗಳನ್ನು, ಉಸಿರಾಟ ಸುಲಭವಾಗಲಿ ಅಂತ, ಬೋರಲು ಮಲಗಿಸಿ, ಮತ್ತೆ ಅಂಗಾತ ತಿರುಗಿಸಿ ಬಂದವಳು ಅವಳು. ಸ್ನಾನಕ್ಕೆ ಅಂತ ಬಾಗಿಲು ತೆರೆದರೆ ಗಂಡ ಬೋರಲು ತೇಲುತ್ತಿದ್ದಾನೆ. ಆಸ್ಪತ್ರೆಯಲ್ಲಿ ನಾಲ್ಕಾರು ಜನ ಸೇರಿ ಮಾಡುವ ಕೆಲಸವನ್ನು ಅವಳೊಬ್ಬಳೇ ಮಾಡಿದಳು. ನನ್ನನ್ನು ಒಂದೇ ಏಟಿಗೆ ಮಗುಚಿ ಹಾಕಿ, ಎದೆ ಮೇಲೆ ಕೈಯಿಟ್ಟು, "ಕಣ್ಣು ಬಿಡಿ! ಹೆಸರು ಹೇಳಿ! ಹೆಸರು ಹೇಳ್ರೀ!" ಅಂತ ಕೂಗಿದಳು. ಬಾಯಲ್ಲಿ ಕೊಳವೆ, ಹೆಸರು ಹೇಗೆ ಹೇಳಲಿ? ಗೊರಗೊರ ಅಂದೆ. ಅವಳಿಗೆ ಇನ್ನಷ್ಟು ಗಾಬರಿಯಾಯಿತು.

ಮಗಳು ಓಡಿಬಂದು, "ಮಮ್, ಹೀ ಈಸ್ ಓನ್ಲಿ ಪ್ರಾಕ್ಟಿಸಿಂಗ್," ಅಂದಳು.

ಹೆಂಡತಿ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅಳತೊಡಗಿದಳು. ಕೊರೋನಾ ಶುರುವಾದಾಗಿನಿಂದ ಅವಳು ಅತ್ತದ್ದು ನಾನು ನೋಡಿದ್ದು ಅದೇ ಮೊದಲು. ಆ ವಾರ್ಡಿನ ಅಳುವೆಲ್ಲ ಸೇರಿಸಿ ಅಳುತ್ತಿದ್ದಾಳೆ ಅನ್ನಿಸಿತು. ಅವಳ ಸ್ನಾನ ಆಗಿರಲಿಲ್ಲ, ಹತ್ತಿರ ಬರಬೇಡಿ ಅಂತ ಕೈ ಅಡ್ಡ ಹಿಡಿದಳು. ನಾನು ತೊಟ್ಟಿಯಲ್ಲಿ ತೊಯ್ದು ಕೂತೆ, ಅವಳು ನೆಲದ ಮೇಲೆ ಕೂತಳು.

ಬಹಳ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು, "ಇದಕ್ಕೇ ನಾನು ಬೊನೇರ್ ಅನ್ನೋದು," ಅಂದಳು. "ಅಲ್ಲಾದ್ರೆ ದಡ ಹತ್ತಿರ. ನಿಮ್ಮನ್ನ ಎಳೆದು ಹಾಕೋಕೆ ಸುಲಭ."

ಯಾವುದಾದ್ರೂ ಸರಿ

ಆ ಕ್ರಿಸ್‌ಮಸ್ ಆದ ಮೇಲೆ ಆಸ್ಪತ್ರೆಗಳು ಮತ್ತೆ ತುಂಬಿದವು. ಮೊದಲ ಸಲದ್ದಕ್ಕಿಂತ ಹೆಚ್ಚು. ಹೆಂಡತಿಯ ಮುಖದಲ್ಲಿ ಮಾಸ್ಕಿನ ಗುರುತು ಅಳಿಸುವಷ್ಟರಲ್ಲಿ ಮತ್ತೆ ಡ್ಯೂಟಿ. ಒಂದು ಸಂಜೆ ನಾನು ಎಂದಿನಂತೆ ಬೊನೇರ್ ಮೇಲೆ ಹೊಸ ಬಗ್ ಹಿಡಿದುಕೊಂಡು ಕಾಯುತ್ತಿದ್ದೆ. ಅಲ್ಲಿ ಕತ್ತೆಗಳು ರಸ್ತೆಗೆ ಅಡ್ಡ ಬರುತ್ತವಂತೆ ಅಂದೆ. ಅವಳು ತಟ್ಟೆ ಪಕ್ಕಕ್ಕೆ ಸರಿಸಿ, "ಯಾವುದಾದ್ರೂ ಸರಿ," ಅಂದಳು.

ಆಂಟಿಗಾ ಅಂದೆ. ಸರಿ ಅಂದಳು. ಗ್ರೆನಡಾ, ಜಾಯಿಕಾಯಿ ಅಂದೆ. ಸರಿ ಅಂದಳು. ಮಗಳು ಕೂಡ ನನ್ನ ಸಂಕಟ ಅರ್ಥವಾದವಳಂತೆ ಬೇಕೆಂದೇ ಕೆಟ್ಟ ಕೆಟ್ಟ ದ್ವೀಪಗಳನ್ನು ಹುಡುಕಿ ತಂದಳು. ಎಲ್ಲದಕ್ಕೂ ಸರಿ. ಆ ಚಳಿಗಾಲದುದ್ದಕ್ಕೂ ನಮ್ಮ ಮನೆಯಲ್ಲಿ ಜಗಳವಿರಲಿಲ್ಲ. ಅಂಥ ಭಯದ ಮೌನವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅವಳು ಆಸ್ಪತ್ರೆಯಿಂದ ಬಂದರೂ ಬಾರದ ಹಾಗಿದ್ದಳು.

ತಡೆಯಲಾರದೆ ಮಾವನವರಿಗೆ ಫೋನ್ ಮಾಡಿದೆ. "ಜಮೈಕಾ ಅಂದೆ ಮಾವ. ಅದಕ್ಕೂ ಸರಿ ಅಂದ್ಲು."

"ಜಮೈಕಾಗೂ ಸರಿ ಅಂದ್ಲಾ? ಹಾಗಾದ್ರೆ ನಿಜವಾಗ್ಲೂ ಹುಷಾರಿಲ್ಲ ಅವಳಿಗೆ."

ಮಂಜಿನಲ್ಲಿ ಬಿಸಿಬೇಳೆಬಾತ್

ಬೇಸಿಗೆ ಬಂತು, ಲಸಿಕೆಯೂ ಬಂತು, ಊರಿಂದ ಊರಿಗೆ ಹೋಗಬಹುದು ಅಂತ ಅಪ್ಪಣೆಯಾಯಿತು. ಬೇಲಿಯ ಆಚೆಯಿಂದ ಮೇಷ್ಟ್ರು, "ನನ್ನ ದೋಣಿಯಲ್ಲಿ ಒಂದು ದಿನ ಬನ್ನಿ. ಕೆರಿಬಿಯನ್‌ಗೆ ರಿಹರ್ಸಲ್ ಆಗುತ್ತದೆ," ಅಂದರು. ಬೇಡ ಅನ್ನಬೇಕೆಂದಿದ್ದೆ. ಆದರೆ ಹೆಂಡತಿಯ ಮುಖ ನೋಡಿ ಒಪ್ಪಿಕೊಂಡೆ. ಅವಳನ್ನು ಕೇಳಿದರೆ, ಗೊತ್ತಲ್ಲ, "ಸರಿ."

ಹೊರಡುವಾಗ ನಾನು ಪ್ರೆಷರ್ ಕುಕ್ಕರ್ ಚೀಲಕ್ಕೆ ಹಾಕಿಕೊಂಡೆ. ಮಗಳು ತಲೆ ಚಚ್ಚಿಕೊಂಡಳು. ಬೋಟಿಗೆ ಯಾರಾದರೂ ಕುಕ್ಕರ್ ತರುತ್ತಾರಾ, ಸ್ಯಾಂಡ್‌ವಿಚ್ ಸಾಕು ಅಂತ ಇಂಗ್ಲಿಷಿನಲ್ಲಿ ಗೋಳಾಡಿದಳು. ಆದರೆ ನನ್ನ ಹೆಂಡತಿಗೆ ಇಷ್ಟವಾದದ್ದು ಬಿಸಿಬೇಳೆಬಾತ್, ಅದೂ ಒಲೆಯಿಂದ ಈಗ ಇಳಿಸಿದ್ದು. ಒಂದು ಹೊತ್ತಾದರೂ ಅವಳು ಹೊಟ್ಟೆತುಂಬ ತಿನ್ನಲಿ ಅನ್ನುವುದಷ್ಟೇ ನನ್ನ ಆಸೆ. ಮೇಷ್ಟ್ರು ಕುಕ್ಕರ್ ನೋಡಿ ಗ್ರ್ಯಾಂಡ್ ಅಂದರು.

ಗಾಲ್ವೇ ಕೊಲ್ಲಿಯಲ್ಲಿ ಹಾಯಿ ಬಿಚ್ಚಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿ ನಿಂತಿತು. ಎಲ್ಲಿತ್ತೋ ಮಂಜು, ಬಂದು ಸುತ್ತ ಕವಿದುಕೊಂಡಿತು. ದಡ ಮಾಯವಾಯಿತು. ಮೇಷ್ಟ್ರು ಲಂಗರು ಇಳಿಸಿ, ದೋಣಿಯ ಗಂಟೆ ಬಾರಿಸಿ, ಇದು ತಾನಾಗಿ ಹೋಗುತ್ತದೆ, ಆಗಾಗ ಗಂಟೆ ಬಾರಿಸುತ್ತಾ ಕೂತರಾಯಿತು, ಗ್ರ್ಯಾಂಡ್ ಅಂದರು. ನಾನು ಲೈಫ್ ಜಾಕೆಟ್ಟಿನ ಮೇಲೆ ಇನ್ನೊಂದು ಲೈಫ್ ಜಾಕೆಟ್ ಹಾಕಿಕೊಂಡೆ. ಹೆದರಿಕೆಯಾದಾಗ ಕೈಗೆ ಕೆಲಸ ಬೇಕು. ಕ್ಯಾಬಿನ್ನಿನ ಪುಟ್ಟ ಗ್ಯಾಸ್ ಒಲೆಯ ಮೇಲೆ ಅಕ್ಕಿ, ಬೇಳೆ, ತರಕಾರಿ, ಪುಡಿ ಎಲ್ಲ ಹಾಕಿ ಕುಕ್ಕರ್ ಇಟ್ಟೆ.

ಆ ನಿಶ್ಶಬ್ದದಲ್ಲಿ ಕುಕ್ಕರ್ ಕೂಗಿತು. ಮನೆಯಲ್ಲಿ ಕೂಗುವುದಕ್ಕೂ ನೀರಿನ ಮೇಲೆ ಕೂಗುವುದಕ್ಕೂ ಎಷ್ಟು ವ್ಯತ್ಯಾಸ! ಇಡೀ ಕೊಲ್ಲಿಯೇ ಬೆಚ್ಚಿಬಿದ್ದಂತಾಯಿತು. ಸ್ವಲ್ಪ ಹೊತ್ತಿಗೆ ಎರಡನೆಯದು. ಆಮೇಲೆ ಮಂಜಿನೊಳಗಿಂದ ಎಂಜಿನ್ನಿನ ಸದ್ದು ಕೇಳಿಸಿತು, ಹತ್ತಿರವಾಯಿತು, ಕಿತ್ತಳೆ ಬಣ್ಣದ ರಬ್ಬರ್ ದೋಣಿಯೊಂದು ನಮ್ಮ ಪಕ್ಕಕ್ಕೇ ನುಗ್ಗಿ ಬಂತು. ಅದರಲ್ಲಿ ಹೆಲ್ಮೆಟ್ ಹಾಕಿದ ಮೂವರು. ಮಾವನವರ ಹೆಲ್ಮೆಟ್ ಮಾತು ನೆನಪಾಯಿತು, ಇವರು ಪೊಲೀಸರೇ ಇರಬೇಕು ಅಂತ ನಾನು ಎರಡೂ ಕೈ ಮೇಲೆತ್ತಿ ನಿಂತೆ.

ಅವರು ಮುಳುಗುವವರನ್ನು ಪಾರುಗಾಣಿಸುವ ಸ್ವಯಂಸೇವಕರು, ಅಲ್ಲೇ ಹತ್ತಿರದಲ್ಲಿ ಅಭ್ಯಾಸ ಮಾಡುತ್ತಿದ್ದರಂತೆ. ಅಪಾಯದಲ್ಲಿರುವವರು ಸೀಟಿ ಊದಿ ಕರೆಯಲಿ ಅಂತಲೇ ಲೈಫ್ ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿರುತ್ತಾರಂತೆ. ಮಂಜಿನಲ್ಲಿ ಯಾರೋ ಸೀಟಿ ಊದುತ್ತಿದ್ದಾರೆ, ಪಾಪ ಮುಳುಗುತ್ತಿದ್ದಾರೆ ಅಂತ ದೂರದ ಇನ್ನೊಂದು ದೋಣಿಯವರು ಅವರಿಗೆ ತಿಳಿಸಿದ್ದಾರೆ.

"ಯಾರಿಗೆ ಏನಾಗಿದೆ? ನೀರಿಗೆ ಬಿದ್ದವರು ಎಲ್ಲಿ?" ಅಂತ ಅವರ ಮುಖಂಡೆ ಕೂಗಿ ಕೇಳಿದಳು.

ಡಾಕ್ಟರು ಅಂದಮೇಲೆ ಸುಮ್ಮನಿರಲಾಗುವುದೇ? ಹೆಂಡತಿ ಎದ್ದು ನಿಂತು, "ನಾನು ಡಾಕ್ಟರ್. ಯಾರು ಮುಳುಗಿದ್ದು?" ಅಂತ ಅವರನ್ನೇ ಕೇಳಿದಳು. ಅವರು ನಮ್ಮನ್ನು ನೋಡಿದರು, ನಾವು ಅವರನ್ನು ನೋಡಿದೆವು. ಆಗ ಕ್ಯಾಬಿನ್ನಿನೊಳಗಿಂದ ಮೂರನೆಯ ಸೀಟಿ ಬಂತು, ಜೊತೆಗೆ ಇಂಗಿನ ಘಮ.

ಮಗಳು ಮುಖ ಮುಚ್ಚಿಕೊಂಡಳು. ಹೆಂಡತಿ ನನ್ನ ಕಡೆ ತಿರುಗಿ, ನನ್ನ ಎರಡು ಲೈಫ್ ಜಾಕೆಟ್, ಎತ್ತಿದ ಕೈ ಎಲ್ಲ ನೋಡಿ, "ರೀ, ಒಲೆ ಆರ್ಸಿ, ತಳ ಹಿಡಿಯುತ್ತೆ," ಅಂದಳು. ಅಂದವಳೇ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಹಾಯಿಕಂಬಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅವಳ ನಗು ನೋಡಿ ಅವರೂ ನಕ್ಕರು. ನನಗೆ ಮಾತ್ರ ಅಳು ಬಂತು, ಮಂಜಿನಲ್ಲಿ ಯಾರಿಗೂ ಕಾಣಲಿಲ್ಲ.

ನಾನು ಹತ್ತು ಸಲ ಕ್ಷಮೆ ಕೇಳಿದೆ. ಸುಳ್ಳು ಕರೆಯಾದರೆ ತಮಗೆ ಸಂತೋಷವೇ ಅಂದರು ಆ ಪುಣ್ಯಾತ್ಮರು. ಎರಡು ಮೀಟರ್ ಅಂತರದ ನಿಯಮವಿತ್ತಲ್ಲ, ಡಬ್ಬಿಗೆ ಬಿಸಿಬೇಳೆಬಾತ್ ತುಂಬಿ, ಮೇಷ್ಟ್ರ ಕೊಕ್ಕೆ ಕೋಲಿಗೆ ಸಿಕ್ಕಿಸಿ ಅವರ ದೋಣಿಗೆ ದಾಟಿಸಿದೆವು. ಎಲ್ಲಿಗೆ ಹೊರಟಿದ್ದಿರಿ ಅಂತ ಮುಖಂಡೆ ಕೇಳಿದಳು.

"ಬೊನೇರ್‌ಗೆ," ಅಂದಳು ನನ್ನ ಹೆಂಡತಿ.

ನಾನು ಕಿವಿ ನೆಟ್ಟಗೆ ಮಾಡಿದೆ. ಎಷ್ಟು ತಿಂಗಳಾಗಿತ್ತು ಆ ಹೆಸರು ಅವಳ ಬಾಯಲ್ಲಿ ಕೇಳಿ! ತಡಮಾಡದೆ, "ಬೊನೇರ್ ಸಾಧ್ಯವೇ ಇಲ್ಲ," ಅಂದೆ. "ಕತ್ತೆಗಳ ಕಾಟ ಅಂತ ಹೇಳಿದ್ನಲ್ಲ. ಗ್ರೆನಡಾನೇ."

"ಕುಕ್ಕರ್ ತಂದು ಮಾನ ಕಳೆದೋರು ನೀವು ದ್ವೀಪ ಆರಿಸ್ತೀರಾ? ಬಾಯಿ ಮುಚ್ಚಿ ಇನ್ನೊಂದು ಸೌಟು ಬಡಿಸಿ," ಅಂದು ತಟ್ಟೆ ಮುಂದೆ ಚಾಚಿದಳು.

ಮಂಜು ಹರಿಯಿತು, ಮೇಷ್ಟ್ರು ದೋಣಿ ತಿರುಗಿಸಿದರು. ದಡ ಮುಟ್ಟುವ ತನಕ ನಾವಿಬ್ಬರೂ ಕೈ ಬೀಸಿ ಬೀಸಿ, ಇಡೀ ಕೊಲ್ಲಿಗೆ ಕೇಳುವ ಹಾಗೆ ಜಗಳವಾಡಿದೆವು. ಮೇಷ್ಟ್ರಿಗೆ ಕನ್ನಡ ಬಾರದು. ಜೀವಮಾನದಲ್ಲಿ ಮೊದಲ ಸಲ ಅವರ ಮುಖದಲ್ಲಿ ಚಿಂತೆ ಕಂಡಿತು. ಮಗಳ ಕಡೆ ಬಗ್ಗಿ, ನಿಮ್ಮ ಅಪ್ಪ ಅಮ್ಮನಿಗೆ ಏನಾಯಿತಮ್ಮ, ಸಂಸಾರದಲ್ಲಿ ಏನಾದರೂ ತೊಂದರೆಯೇ ಅಂತ ಮೆಲ್ಲಗೆ ಕೇಳಿದರು.

ಮಗಳು ಬಿಸಿಬೇಳೆಬಾತಿನ ಚಮಚ ನೆಕ್ಕುತ್ತಾ ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು.

"ನೋ, ನೋ," ಅಂದಳು. "ದೇ ಆರ್ ಗ್ರ್ಯಾಂಡ್ ನೌ."